ಸಿಲೋನಿನಲ್ಲಿ ಚಿರತೆ ತುಳಿದ ರಂಗೋಲಿ

ನನ್ನ ತಮ್ಮ ನಾಗರಾಜನಿಗೆ ಸಿಲೋನಿನ ಕಾಡಿನಲ್ಲಿ ಚಿರತೆಗಳ ಫೋಟೋ ತೆಗೆಯುವ ಕೆಲಸ ಸಿಕ್ಕಿದೆಯೆಂದು ಕಾಗದ ಬಂದ ದಿನ ನಮ್ಮ ಅತ್ತೆ ಕೇಳಿದ್ದು ಒಂದೇ ಮಾತು. "ಅದು ಅಲ್ಲಾಡ್ದೆ ನಿಂತ್ಕೊಳ್ಳುತ್ತೇನೇ?"

ನನಗೂ ಅದೇ ಅನುಮಾನ. ದೊಡ್ಡಬಳ್ಳಾಪುರದ ಸ್ಟುಡಿಯೋದಲ್ಲಿ ನಾಗರಾಜ ಮದುವೆ ಹೆಣ್ಣುಗಳನ್ನು ಮರದ ಕುರ್ಚಿಯಲ್ಲಿ ಕೂರಿಸಿ, "ಗದ್ದ ಸ್ವಲ್ಪ ಮೇಲೆ, ಉಸಿರು ಬಿಗಿ ಹಿಡೀರಿ" ಎನ್ನುತ್ತಿದ್ದವನು. ಚಿರತೆಗೆ ಹಾಗೆ ಹೇಳಲಾಗುತ್ತದೆಯೇ?

ಅರವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಮುಂದಿನ ಕಾಗದದಲ್ಲಿ ನಾಗರಾಜ ವಿವರ ಬರೆದಿದ್ದ. ಕ್ಯಾಮೆರಾವನ್ನು ಕಾಡಿನ ದಾರಿಯಲ್ಲಿ ಬಚ್ಚಿಟ್ಟು ಮನೆಗೆ ಬಂದುಬಿಡುವುದಂತೆ. ಮೃಗ ಹಾದುಹೋದರೆ ಕ್ಯಾಮೆರಾಕ್ಕೆ ತಾನೇ ತಿಳಿದು, ತಾನೇ ಫೋಟೋ ತೆಗೆಯುವುದಂತೆ. ಆದರೆ ಯಂತ್ರ ಮಾತು ಕೇಳುತ್ತಿಲ್ಲ, ಅದನ್ನು ತಂದ ಸಾಹೇಬರು ಕಾಯಿಲೆಯಾಗಿ ಕೊಲಂಬೊ ಸೇರಿದ್ದಾರೆ, ಭಾವ ಒಂದು ಸಲ ಬಂದು ಕೈಯಾಡಿಸಿ ಹೋದರೆ ನನ್ನ ಮಾನ ಉಳಿಯುತ್ತದೆ ಎಂದು ಕೊನೆಗೆ ಬರೆದಿದ್ದ.

ಭಾವ ಎಂದರೆ ನಮ್ಮ ಯಜಮಾನರು, ಮಗ್ಗದ ಮೆಕ್ಯಾನಿಕ್. ಕೆಟ್ಟುನಿಂತ ಯಂತ್ರವೆಂದರೆ ಅವರಿಗೆ ಊಟ ಬೇಡ. ಕಾಗದವನ್ನು ಮೂರು ಸಲ ಓದಿ, ಎದ್ದುಹೋಗಿ ಸಾಮಾನಿನ ಚೀಲ ಝಾಡಿಸಿದರು. "ನೀನೂ ಬಾ. ಅಲ್ಲಿ ಅನ್ನ ಸಾರು ಯಾರು ಮಾಡ್ತಾರೆ?" ಎಂದರು. ಮಕ್ಕಳನ್ನು ಅತ್ತೆ ನೋಡಿಕೊಳ್ಳುತ್ತೇನೆಂದರು. ಪರವಾನಗಿಯ ಕಾಗದಗಳೂ ತಿಂಗಳೊಳಗೆ ಕೈಸೇರಿದವು. ಘಾಟಿಗೆ ಹೋಗಿ ಸುಬ್ರಹ್ಮಣ್ಯಸ್ವಾಮಿಗೆ ಒಂದು ಹಣ್ಣುಕಾಯಿ ಮಾಡಿಸಿಕೊಂಡು ಹೊರಟೆವು.

ಹಡಗಿನ ಮೇಲೆ

ಸಮುದ್ರ ನೋಡಿದ್ದು ಅದೇ ಮೊದಲು. ನಮ್ಮೂರಿನ ಕೆರೆ ಕೋಡಿ ಬಿದ್ದರೆ ಊರಿಗೆ ಊರೇ ಹೋಗಿ ನೋಡುತ್ತದೆ. ರಾಮೇಶ್ವರದಲ್ಲಿ ದಿನವೂ ಕೋಡಿ ಬಿದ್ದ ಹಾಗಿದೆ, ತಿರುಗಿ ನೋಡುವವರೇ ಇಲ್ಲ.

"ಹಡಗು ಅಂದ್ರೇನು, ದೊಡ್ಡ ತೆಪ್ಪ ಅಷ್ಟೆ. ನೀನು ಹೆದರ್ಕೋಬೇಡ" ಎಂದು ನನಗೆ ಧೈರ್ಯ ಹೇಳಿದ ನಮ್ಮವರು ಅರ್ಧ ಗಂಟೆಯಲ್ಲಿ ಕಂಬಿ ಹಿಡಿದು ಬಗ್ಗಿದವರು ಆಚೆ ದಡದವರೆಗೂ ತಲೆ ಎತ್ತಲಿಲ್ಲ. ನನಗೆ ಏನೂ ಆಗಲಿಲ್ಲ. ಒಬ್ಬರಾದರೂ ನೆಟ್ಟಗಿರಲಿ ಎಂದು ದೇವರು ನೋಡಿಕೊಂಡ.

ತಲೈಮನ್ನಾರಿನಲ್ಲಿ ಇಳಿದಾಗ ಸುಂಕದವನು ನಮ್ಮ ಚೀಲ ಬಿಚ್ಚಿಸಿದ. ಅವನಿಗೆ ತಮಿಳು ಬರುತ್ತಿತ್ತು. ಸೀರೆ ವ್ಯಾಪಾರಕ್ಕೆ ಬರುವ ಸೇಲಂನವರ ಜೊತೆ ಮಾತಾಡಿ ನನಗೂ ಅರ್ಧಂಬರ್ಧ ಬರುತ್ತದೆ. ಚೀಲದಲ್ಲಿದ್ದ ತೆಳು ತಗಡಿನ ಪಟ್ಟಿಗಳನ್ನು ಎತ್ತಿ ಹಿಡಿದು, "ಏನಿದು?" ಎಂದ.

"ಮಗ್ಗ ನಿಲ್ಸೋ ಪಟ್ಟಿ. ಎಳೆ ಕಡಿದ್ರೆ ಇದು ಕೆಳಕ್ಕೆ ಬೀಳುತ್ತೆ, ಕರೆಂಟು ತಗಲುತ್ತೆ, ಮಗ್ಗ ನಿಂತೋಗುತ್ತೆ" ಎಂದರು ನಮ್ಮವರು. ನಾನು ತಮಿಳಿಗೆ ತಿರುಗಿಸಿ ಹೇಳಿದೆ.

"ಮಗ್ಗ ಎಲ್ಲಿ?"

"ದೊಡ್ಡಬಳ್ಳಾಪುರದಲ್ಲಿ."

ಅವನು ನಮ್ಮನ್ನು ಒಂದು ಥರಾ ನೋಡಿ ನನ್ನ ಗಂಟಿಗೆ ಕೈಹಾಕಿದ. ಡಬ್ಬಿಯ ತುಂಬ ಬಿಳಿ ಪುಡಿ. ಮೂಸಿದ, ಇನ್ನಿಬ್ಬರನ್ನು ಕರೆದು ಮೂಸಿಸಿದ. ಅಕ್ಕಿಹಿಟ್ಟು ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಒಂದು ಚಿಟಿಕೆ ತೆಗೆದು ಅವನ ಮೇಜಿನ ಮೇಲೇ ಪುಟ್ಟ ಕಮಲ ಬಿಡಿಸಿದೆ. ಮೂವರೂ ನಕ್ಕರು. ಅಳಿಸುತ್ತಾನೇನೋ ಎಂದು ನೋಡಿದೆ, ಅಳಿಸಲಿಲ್ಲ. ನಮ್ಮ ಹಿಂದಿನವರ ಪೆಟ್ಟಿಗೆಯನ್ನು ಕಮಲದ ಆಚೆ ಬದಿಗೆ ಇಡಿಸಿಕೊಂಡ.

ಕೆರೆಯ ಪಕ್ಕದ ಮನೆ

ಅನುರಾಧಪುರದಿಂದ ಆಚೆ ಕಾಡಂಚಿನ ಒಂದು ಹಳ್ಳಿ. ನಾಗರಾಜನ ಹೆಂಚಿನ ಮನೆ ಕೆರೆಯ ಪಕ್ಕದಲ್ಲೇ. ಏರಿ, ತೂಬು, ಏರಿಯ ಮೇಲೆ ಅರಳಿಮರ, ಎಲ್ಲವೂ ನಮ್ಮೂರ ಹತ್ತಿರದ ಸಾಸಲಿನ ಕಡೆಯದೇ ಹಾಗೆ. ಅರಳಿಮರದ ಬುಡದಲ್ಲಿ ನಾವು ನಾಗರಕಲ್ಲು ಇಡುತ್ತೇವೆ, ಅವರು ಬುದ್ಧನಿಗೆ ದೀಪ ಇಡುತ್ತಾರೆ. ಮರಕ್ಕೆ ಕೈಮುಗಿಯುವುದು ಇಬ್ಬರಿಗೂ ಒಂದೇ. ಹೆಂಗಸರು ಬಿಂದಿಗೆಯನ್ನು ಸೊಂಟದ ಮೇಲೇ ಇಟ್ಟುಕೊಳ್ಳುತ್ತಾರೆ. ಅಕ್ಕನನ್ನು ಅಕ್ಕ ಎಂದೇ ಕರೆಯುತ್ತಾರೆ. ಇನ್ನೇನು ಬೇಕು?

ಮೊದಲ ಮಧ್ಯಾಹ್ನ ಪಕ್ಕದ ಮನೆಯ ಸೋಮಾವತಿ ಎಂಬಾಕೆ ಅನ್ನಕ್ಕೆ ತೆಂಗಿನಕಾಯಿ ಚಟ್ನಿ ತಂದುಕೊಟ್ಟಳು. ಕೆಂಪಗೆ, ಘಮಘಮ. ಎರಡು ಸಲ ಹಾಕಿಸಿಕೊಂಡೆ. ಹೇಗೆ ಮಾಡುವುದೆಂದು ಕೇಳಿ ಹೇಳು ಎಂದು ತಮ್ಮನಿಗೆ ಹೇಳಿದೆ. ನಾಗರಾಜ ತಟ್ಟೆ ನೋಡಿ ಹಣೆ ಚಚ್ಚಿಕೊಂಡ.

"ಅಕ್ಕಾ, ಅದ್ರಲ್ಲಿ ಒಣಮೀನು ಕುಟ್ಟಿ ಹಾಕಿರ್ತಾರೆ."

ನಮ್ಮ ಮನೆಯಲ್ಲಿ ಮೀನು ಹೊಸಿಲು ದಾಟಿದ್ದಿಲ್ಲ. ಬಾವಿಕಟ್ಟೆಗೆ ಓಡಿ ಎಂಟು ಸಲ ಬಾಯಿ ಮುಕ್ಕಳಿಸಿದೆ. ನಮ್ಮವರು ಹಿಂದಿನಿಂದ, "ಎರಡನೇ ಸಲ ಹಾಕಿಸ್ಕೊಂಡಿದ್ದಕ್ಕೆ ಹದಿನಾರು ಆಗುತ್ತೆ ಕಣೇ" ಎಂದು ಲೆಕ್ಕ ಹೇಳಿದರು. ಸೋಮಾವತಿ ನೊಂದುಕೊಂಡು ಮಾರನೆಯ ದಿನದಿಂದ ಬರಿಯ ಹಲಸಿನಕಾಯಿ ಪಲ್ಯ ತಂದುಕೊಟ್ಟಳು. ತಿಳಿಯದೆ ತಿಂದದ್ದನ್ನು ಸ್ವಾಮಿ ಮನ್ನಿಸುತ್ತಾನೆ. ಆ ಪಲ್ಯವನ್ನಂತೂ ನಾನು ಇವತ್ತಿಗೂ ಮರೆತಿಲ್ಲ.

ಈ ಸೋಮಾವತಿಯ ಮನೆಯಲ್ಲೇ ಕಷ್ಟವಿದ್ದದ್ದು. ತಿಂಗಳೊಳಗೆ ಎರಡು ಕರುಗಳನ್ನು ಚಿರತೆ ಎತ್ತಿಕೊಂಡು ಹೋಗಿತ್ತು. ಉಳಿದದ್ದು ಒಂದು. ಕೆರೆಗೆ ನೀರು ಕುಡಿಯಲು ಬರುವ ಹೆಣ್ಣು ಚಿರತೆಯೇ ಕಳ್ಳಿ, ಅದನ್ನು ಹೊಡೆಯಿರಿ ಎಂದು ಊರವರು ಕಾಡಿನ ಅಧಿಕಾರಿಗೆ ಅರ್ಜಿ ಕೊಟ್ಟಿದ್ದರು. ಅಧಿಕಾರಿ ಭಾನುವಾರ ಬರುವವನಿದ್ದ. ನಾವು ಬಂದಿಳಿದದ್ದು ಬುಧವಾರ.

"ಅವಳಲ್ಲ ಅಕ್ಕ" ಎಂದ ನಾಗರಾಜ. ಅವನ ಮುಖ ಇಳಿದುಹೋಗಿತ್ತು. "ಅವಳಿಗೆ ಒಂದು ಮರಿ ಇದೆ. ಕರು ಹಿಡಿದೋನು ಯಾವನೋ ದೊಡ್ಡ ಗಂಡು. ಹೆಜ್ಜೆನೇ ಹೇಳುತ್ತೆ."

ಹೆಜ್ಜೆ ತೋರಿಸಿದವನು ಬಂಡಾ. ಮುದುಕ, ಲುಂಗಿ, ಬಾಯಿತುಂಬ ಎಲೆಯಡಿಕೆ. ಕಾಡಿನಲ್ಲಿ ನಾಗರಾಜನಿಗೆ ದಾರಿ ತೋರಿಸುವವನು. ಸೋಮಾವತಿಯ ಕೊಟ್ಟಿಗೆಯ ಹಿಂದೆ ಒಂದು ಮಣ್ಣಿನ ಮಡಕೆ ಬೋರಲು ಹಾಕಿದ್ದ. ಎತ್ತಿದರೆ ಒಣಗಿದ ಕೆಸರಿನಲ್ಲಿ ನನ್ನ ಅಂಗೈಯಷ್ಟಗಲದ ಹೆಜ್ಜೆ. ಅಡ್ಡಳತೆ ನಾಲ್ಕು ಇಂಚಿಗೆ ಒಂದಿಷ್ಟೇ ಕಡಿಮೆ. ಕೆರೆಗೆ ಬರುವವಳ ಹೆಜ್ಜೆ ಇದಕ್ಕಿಂತ ಬಹಳ ಚಿಕ್ಕದು ಎಂದು ಬಂಡಾ ತನ್ನ ತಮಿಳಿನಲ್ಲಿ ಆಣೆ ಮಾಡಿ ಹೇಳಿದ. ಆದರೆ ಅಧಿಕಾರಿ ಅವನ ಬಾಯಿಮಾತು ಒಪ್ಪುತ್ತಿರಲಿಲ್ಲ. ಮಣ್ಣಿನಲ್ಲಿ ಹೆಜ್ಜೆ ಯಾರು ಬೇಕಾದರೂ ಒತ್ತಬಹುದು, ಫೋಟೋ ತೋರಿಸಿ, ಇಲ್ಲದಿದ್ದರೆ ಭಾನುವಾರವೇ ಕೆರೆಯ ಮೇಲೆ ಕೋವಿಯವನನ್ನು ಕೂರಿಸುತ್ತೇನೆ ಎಂದಿದ್ದನಂತೆ.

ರಾತ್ರಿ ಬರುವ ಮೃಗಕ್ಕೆ ಮಿಂಚಿನ ಬಲ್ಬು ಬೇಕು. ಒಂದು ಬಲ್ಬಿಗೆ ಒಂದೇ ಮಿಂಚು, ಆಮೇಲೆ ಅದು ಸುಟ್ಟುಹೋಗುತ್ತದೆ. ನಾಗರಾಜನ ಹತ್ತಿರ ಉಳಿದಿದ್ದದ್ದು ಮೂರು.

ಶುಕ್ರವಾರ

ಗುರುವಾರ ಸಂಜೆ ಸಾಹೇಬರ ಯಂತ್ರವನ್ನೇ ಕಟ್ಟಿದರು. ದಾರಿಯ ಈಚೆ ಒಂದು ಕೆಂಪು ದೀಪ, ಆಚೆ ಒಂದು ಬೆಳಕಿನ ಕಣ್ಣು. ನಡುವೆ ಏನಾದರೂ ಹಾದು ಬೆಳಕು ಕಡಿದರೆ ಕ್ಯಾಮೆರಾ ಟಕ್ ಎನ್ನಬೇಕು.

"ನಾವ್ಯಾರೂ ಅಲ್ಲಿರಲ್ಲ ಅಕ್ಕ. ಅದು ಬಂದು ತನ್ನ ಫೋಟೋ ತಾನೇ ತೆಗೆಸ್ಕೊಂಡು ಹೋಗುತ್ತೆ. ಬೆಳಿಗ್ಗೆ ನಾವು ಹೋಗಿ ನೋಡೋದು."

"ಹುಂಡಿಗೆ ಕಾಣಿಕೆ ಹಾಕಿ ಹೋದ ಹಾಗೆ" ಎಂದೆ.

ಶುಕ್ರವಾರ ಬೆಳಿಗ್ಗೆ ಬಲ್ಬು ಸುಟ್ಟಿತ್ತು. ನಾಗರಾಜ ಉಗ್ರಾಣದ ಕಿಟಕಿಗೆ ಕಂಬಳಿ ಕಟ್ಟಿ ಒಳಗೆ ಕೂತು ಫೋಟೋ ತೊಳೆದ. ನಾನು ಹೊರಗೆ ಸುಬ್ರಹ್ಮಣ್ಯನ ಹೆಸರು ಹೇಳುತ್ತಾ ಕೂತೆ. ಅವನು ಹೊರಗೆ ತಂದ ಚಿತ್ರದಲ್ಲಿ ಒಂದು ತೇಗದ ಎಲೆ. ಗಾಳಿಯಲ್ಲಿ ಬೀಳುತ್ತಿದ್ದ ಎಲೆ, ನರಗಳೆಲ್ಲ ಸ್ಪಷ್ಟ.

"ಎಲೆ ಚೆನ್ನಾಗಿ ನಿಂತ್ಕೊಂಡಿದೆ" ಎಂದರು ನಮ್ಮವರು. ನಾಗರಾಜ ನಗಲಿಲ್ಲ.

ಅವನು ಹಿಂದೆ ಮೀನಿನ ಗಾಳದ ದಾರ ಕಟ್ಟಿಯೂ ನೋಡಿದ್ದನಂತೆ. ಕಾಡುಹಂದಿ ದಾರದ ಸಮೇತ ಕ್ಯಾಮೆರಾವನ್ನೇ ಎಳೆದುಕೊಂಡು ಹೋಗಿತ್ತು. ಅದನ್ನು ಕೇಳಿ ನಮ್ಮವರು ಚೀಲ ಬಿಚ್ಚಿದರು. ತಮ್ಮ ತಗಡಿನ ಪಟ್ಟಿ ಹೊರತೆಗೆದರು.

"ಎಲೆ ಬಿದ್ರೆ ಕಡೀಬಾರ್ದು, ಮೃಗ ತಗುಲಿದ್ರೆ ಕಡೀಬೇಕು. ಅಂಥಾ ಎಳೆ ಬೇಕು. ಎಳೆ ಕಡಿದ್ರೆ ಪಟ್ಟಿ ಬೀಳುತ್ತೆ. ಮಗ್ಗ ನಿಲ್ಲೋ ಬದ್ಲು ಕ್ಯಾಮೆರಾ ಹೊಡೆಯುತ್ತೆ. ಅಷ್ಟೆ ಕಣೋ ನಾಗ." ಹೀಗೆಂದು ನನ್ನ ಕಡೆ ತಿರುಗಿದರು. "ಲೇ, ನಿನ್ನ ರೇಷ್ಮೆ ಸೀರೆ ತಂದಿದೀಯಲ್ಲ?"

"ರೀ, ಅದು ದೇವಸ್ಥಾನಕ್ಕೆ ಉಡೋದು!"

"ಸೆರಗಿನ ತುದೀಲಿ ನಾಲ್ಕು ಎಳೆ ಸಾಕು. ಕುಚ್ಚು ಕಟ್ಟಿದ್ರೆ ಗೊತ್ತೂ ಆಗಲ್ಲ."

ನಾನು ಸೀರೆ ತಂದು ಅವರ ಮಡಿಲಿಗೆ ಹಾಕಿ ಆ ಕಡೆ ಮುಖ ತಿರುಗಿಸಿಕೊಂಡು ಕೂತೆ. ಸೂಜಿಯ ಮೊನೆಯಿಂದ ಹೊಕ್ಕಿನ ಎಳೆ ಒಂದೊಂದೇ ಬಿಡಿಸಿದರು. ನಮ್ಮೂರ ಮಗ್ಗದಲ್ಲಿ ನೇಯ್ದ ಎಳೆ ಪರದೇಶದ ಕಾಡಿನಲ್ಲಿ ಚಿರತೆಗೆ ಅಡ್ಡ ಕಟ್ಟಿಸಿಕೊಳ್ಳಲು ಹೊರಟಿತು.

ಶನಿವಾರ, ಮುಂಜಾವ

ಈಗ ನನ್ನ ತಪ್ಪನ್ನು ಹೇಳಬೇಕು.

ಶುಕ್ರವಾರ ಸಂಜೆ ಗಂಡಸರು ಜಾಗ ಬದಲಿಸಿದ್ದರು. ಮನೆಯಿಂದ ಕೆರೆಗೆ ಇಳಿಯುವ ಕಾಲುದಾರಿಯಲ್ಲೇ ಹೆಣ್ಣು ಚಿರತೆ ಓಡಾಡುತ್ತದೆಂದು ಬಂಡಾ ಹೇಳಿದ್ದರಿಂದ ಅಲ್ಲೇ ಎಳೆ ಕಟ್ಟಿದ್ದರು. ನಾನು ಒಲೆಯ ಮುಂದಿದ್ದೆ, ನನಗೆ ಯಾರೂ ಹೇಳಿರಲಿಲ್ಲ.

ಬೆಳಗಿನ ಜಾವ ನಾನು ಎಂದಿನಂತೆ ಎದ್ದು, ಬಕೆಟ್ಟು ಹಿಡಿದು, ರಂಗೋಲಿ ಡಬ್ಬಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕೆರೆಗೆ ಹೊರಟೆ. ದಾರಿಯಲ್ಲಿ ನೋಡುತ್ತೇನೆ, ಒಂದು ಚಾಪೆಯಷ್ಟು ನೆಲವನ್ನು ಯಾರೋ ಜರಡಿ ಹಿಡಿದ ಮಣ್ಣು ಹರಡಿ, ನೀರು ಚಿಮುಕಿಸಿ, ನುಣ್ಣಗೆ ಒರೆಸಿಟ್ಟಿದ್ದಾರೆ. ಹೆಜ್ಜೆ ಮೂಡಲೆಂದು ಬಂಡಾ ಮಾಡಿದ್ದು ಅದು. ನನ್ನ ಕಣ್ಣಿಗೆ ಸಾರಿಸಿದ ಅಂಗಳ. ಸಾರಿಸಿ, ರಂಗೋಲಿ ಹಾಕದೆ ಬಿಟ್ಟಿದ್ದಾರಲ್ಲ, ಎಂಥ ಜನವಪ್ಪಾ ಎಂದುಕೊಂಡು ಮುಂದೆ ಹೆಜ್ಜೆ ಇಟ್ಟೆ.

ಮೊಣಕಾಲಿಗೆ ಜೇಡರಬಲೆಯಂಥದೇನೋ ತಗುಲಿತು. ಜಗತ್ತೆಲ್ಲ ಬೆಳ್ಳಗಾಯಿತು!

ಗುಡುಗಿಲ್ಲ, ಮೋಡವಿಲ್ಲ, ಮರಮರವೂ ಹಗಲಿನಂತೆ ಹೊಳೆದು ಮಾಯವಾಯಿತು. ನಾನು ಬಕೆಟ್ಟು ಬಿಟ್ಟು ನೆಲಕ್ಕೆ ಬಿದ್ದು ನಮಸ್ಕಾರ ಮಾಡಿದೆ. ನನ್ನಂಥವಳಿಗೆ ಸ್ವಾಮಿ ಇಲ್ಲಿ ಬಂದು ಕಾಣಿಸಿಕೊಂಡನಲ್ಲ ಎಂದು ಕಣ್ಣೀರು ಬಂತು. ಎದ್ದು, ಅದೇ ಜಾಗದಲ್ಲಿ ಬಹಳ ಭಕ್ತಿಯಿಂದ ಹದಿನೈದು ಚುಕ್ಕಿಯ ದೊಡ್ಡ ರಂಗೋಲಿ ಹಾಕಿ ಮನೆಗೆ ಬಂದೆ.

ಬಲ್ಬು ಸುಟ್ಟಿದ್ದು ಕಂಡು ನಾಗರಾಜ ಕುಣಿದಾಡಿದ. ಉಗ್ರಾಣದಿಂದ ಹೊರಗೆ ಬಂದಾಗ ಅವನ ಮುಖ ನೋಡುವಂತಿರಲಿಲ್ಲ. ಒದ್ದೆ ಫೋಟೋ ನನ್ನ ಕೈಗೆ ಕೊಟ್ಟ. ಬಾಯಿ ತೆರೆದುಕೊಂಡು, ಕೈಯಲ್ಲಿ ಬಕೆಟ್ಟು, ಸೊಂಟದಲ್ಲಿ ಡಬ್ಬಿ.

"ಅಕ್ಕಾ, ಇದ್ಯಾವ ಮೃಗ ಹೇಳು?"

ನಮ್ಮವರು ಇಣುಕಿದರು. "ಇದನ್ನ ನಾನು ಹದಿನೆಂಟು ವರ್ಷದಿಂದ ನೋಡ್ತಿದೀನಿ. ಕಚ್ಚಲ್ಲ. ಗುರ್ ಅನ್ನುತ್ತೆ ಅಷ್ಟೆ."

ಆಮೇಲೆ ಇಬ್ಬರೂ ಸೇರಿ ನನ್ನನ್ನು ಬೈದರು. ಚಿರತೆ ಓಡಾಡುವ ದಾರಿಯಲ್ಲಿ ಆ ಹೊತ್ತಿಗೆ ಒಬ್ಬಳೇ ಹೋಗಿದ್ದಕ್ಕೆ ಬೈದದ್ದು ಜಾಸ್ತಿ. ನನಗೆ ಸಂಕಟವಾದದ್ದು ಅದಕ್ಕಲ್ಲ. ಉಳಿದದ್ದು ಒಂದೇ ಬಲ್ಬು. ನನ್ನ ದೆಸೆಯಿಂದ ಒಂದು ಬಾಣಂತಿ ಚಿರತೆಗೆ ಗುಂಡು ಬೀಳುತ್ತದೆ, ಅದರ ಮರಿ ಏನಾಗಬೇಕು?

ರಂಗೋಲಿ ಅಳಿಸಿ ಮತ್ತೆ ಮಣ್ಣು ಹರಡೋಣ ಎಂದ ನಾಗರಾಜ. ಬಂಡಾ ಬೇಡವೆಂದು ಕೈಯಾಡಿಸಿದ. ಅದರ ಸುತ್ತ ಒಂದು ಸುತ್ತು ಬಂದು, ಎಲೆಯಡಿಕೆ ಉಗಿದು ಹೇಳಿದ: "ಇದು ಹಾಗೇ ಇರಲಿ. ಹೊಸದೇನಾದರೂ ಕಂಡರೆ ಚಿರತೆ ನಿಂತು ಮೂಸುತ್ತದೆ. ಓಡುವ ಚಿರತೆಗಿಂತ ನಿಂತ ಚಿರತೆ ಒಳ್ಳೆಯದಲ್ಲವೇ?"

ನನ್ನ ಸೀರೆಯಿಂದ ಇನ್ನೆರಡು ಎಳೆ ಹೋದವು. ಈ ಸಲ ನಾನೇ ಬಿಡಿಸಿಕೊಟ್ಟೆ.

ಭಾನುವಾರ

ನಸುಕಿನಲ್ಲಿ ಮಳೆ ಬಂತು. ನಾವು ಹೋಗಿ ನೋಡುವಷ್ಟರಲ್ಲಿ ರಂಗೋಲಿಯೂ ಇಲ್ಲ, ಹೆಜ್ಜೆಯೂ ಇಲ್ಲ, ದಾರಿಯೆಲ್ಲ ಬಿಳಿ ನೀರು. ಆದರೆ ಎಳೆ ಕಡಿದಿತ್ತು, ಬಲ್ಬು ಸುಟ್ಟಿತ್ತು. ಅರಳಿಮರದ ಟೊಂಗೆಗೆ ಕಟ್ಟಿ ಟಾರ್ಪಾಲು ಹೊದಿಸಿದ್ದ ಕ್ಯಾಮೆರಾ ಮಾತ್ರ ಒಣಗಿತ್ತು.

ಈ ಸಲ ನಾಗರಾಜ ಉಗ್ರಾಣದ ಒಳಗಿಂದಲೇ ಕೂಗಿದ. "ಅಕ್ಕಾ! ಭಾವಾ! ಬಂದವ್ಳೆ!"

ಬಂದಿದ್ದಳು. ತಲೆ ತಗ್ಗಿಸಿ, ಮೂಗನ್ನು ರಂಗೋಲಿಯ ಅಂಚಿಗೆ ಇಟ್ಟು, ಮುಂಗಾಲನ್ನು ಸರಿಯಾಗಿ ಚುಕ್ಕಿಗಳ ಮೇಲೆ ಊರಿ ನಿಂತಿದ್ದಳು. ಹಿಂದೆ ಹುಲ್ಲಿನಲ್ಲಿ ಎರಡು ಪುಟ್ಟ ಕಿವಿ. ಮದುವೆ ಹೆಣ್ಣೂ ಅಷ್ಟು ಚೆನ್ನಾಗಿ ನಿಂತಿರಲಾರಳು.

ಮಧ್ಯಾಹ್ನ ಅಧಿಕಾರಿ ಜೀಪಿನಲ್ಲಿ ಬಂದ. ಊರವರು, ಸೋಮಾವತಿ, ಎಲ್ಲರೂ ಸೇರಿದರು. ಅವನು ಫೋಟೋ ನೋಡಿ, "ಚಿರತೆ ಇದೆ, ಒಪ್ಪಿದೆ. ಆದರೆ ಪಾದ ಎಷ್ಟು ದೊಡ್ಡದೆಂದು ಫೋಟೋದಲ್ಲಿ ತಿಳಿಯುವುದು ಹೇಗೆ?" ಎಂದ. ನಾಗರಾಜ ಅದನ್ನು ನಮಗೆ ಕನ್ನಡದಲ್ಲಿ ಹೇಳಿ ಭಾವನ ಮುಖ ನೋಡಿದ.

ನಮ್ಮವರು ಅವಸರವಿಲ್ಲದೆ ಹೇಳಿದರು. "ಸ್ವಾಮೀ, ಚುಕ್ಕಿ ನೋಡಿ. ನಮ್ಮನೆಯವಳು ಚುಕ್ಕಿಯಿಂದ ಚುಕ್ಕಿಗೆ ಒಂದೇ ಅಳತೆ ಇಡ್ತಾಳೆ. ಚುಕ್ಕಿ ಅಳೆದ್ರೆ ಪಾದ ಅಳೆದ ಹಾಗೆ."

"ಕಣ್ಣಂದಾಜಿನಲ್ಲಿ ಹಾಕಿದ್ದು, ಎಲ್ಲ ಒಂದೇ ಅಳತೆ ಎಂದು ಹೇಗೆ ನಂಬಲಿ? ಈಗ ಹಾಕಲಿ, ನೋಡೋಣ."

ಇದು ನನ್ನ ತಲೆಯ ಮೇಲೆ ಬಂತು. ಮೂವತ್ತು ಜನ ಸುತ್ತ ನಿಂತಿದ್ದಾರೆ, ಕೋವಿ ಜೀಪಿನಲ್ಲಿ ಮಲಗಿದೆ. ಜಗಲಿಯ ಮೇಲೆ ಬಗ್ಗಿ ಹಿಟ್ಟು ಹಿಡಿದೆ. ಮೊದಲನೆಯ ಚುಕ್ಕಿ ಚೆಲ್ಲಿಹೋಯಿತು. ಯಾರೋ ನಕ್ಕರು. ನಾನು ಕಣ್ಣು ಮುಚ್ಚಿ ನಮ್ಮ ಮನೆಯ ಹೊಸಿಲನ್ನು ನೆನೆದೆ. ಹಾಲಿನವನು ಬರುವುದರೊಳಗೆ ಮುಗಿಸಬೇಕು, ಇನ್ನೂ ಒಲೆ ಹಚ್ಚಿಲ್ಲ, ಮಕ್ಕಳು ಎದ್ದಿಲ್ಲ. ಅಷ್ಟೆ. ಕೈ ತಾನಾಗಿ ಓಡಿತು. ತಲೆ ಎತ್ತಿದಾಗ ಹದಿನೈದು ಸಾಲು ಮುಗಿದಿತ್ತು.

ಅಧಿಕಾರಿ ಅಡಿಪಟ್ಟಿ ತೆಗೆದು ಉದ್ದಕ್ಕೆ ಅಳೆದ, ಅಡ್ಡಕ್ಕೆ ಅಳೆದ, ನಟ್ಟನಡುವೆಯೂ ಅಳೆದ. ಎಲ್ಲ ಕಡೆ ಎರಡು ಇಂಚು, ಕೂದಲೆಳೆ ಆಚೀಚೆ. ಫೋಟೋದಲ್ಲಿ ಪಾದ ಒಂದು ಚುಕ್ಕಿ ಮುಚ್ಚಿ ಇನ್ನೊಂದರಿಂದ ತುಸುವೇ ಆಚೆಗೆ ಬಂದಿತ್ತು. ಎರಡೂವರೆ ಇಂಚು ಮೀರುವುದಿಲ್ಲ. ಆಮೇಲೆ ಬಂಡಾನ ಮಡಕೆ ಎತ್ತಿಸಿ ಕೆಸರಿನ ಹೆಜ್ಜೆ ಅಳೆದ, ಹೆಚ್ಚುಕಡಿಮೆ ನಾಲ್ಕು ಇಂಚು. ಪುಸ್ತಕದಲ್ಲಿ ಏನೋ ಬರೆದುಕೊಂಡು, "ಕೆರೆಯ ಮೇಲೆ ಕೋವಿ ಬೇಡ" ಎಂದ. ಹೋಗುವಾಗ ನನ್ನ ಕಡೆ ನೋಡಿ ಟೋಪಿ ತೆಗೆದ. ನಾನು ಸೆರಗು ಹೊದ್ದುಕೊಂಡು ಒಳಗೆ ಓಡಿದೆ.

ಕೊನೆಯ ಎರಡು ದಿನ

ಹಡಗಿಗೆ ಹೊರಡಲು ಇನ್ನು ಎರಡು ದಿನ. ನಾಗರಾಜನಿಗೆ ಹಿಗ್ಗೋ ಹಿಗ್ಗು. "ಅಕ್ಕ, ಕತರಗಾಮಕ್ಕೆ ಹೋಗ್ಬಿಟ್ಟು ಬರೋಣ. ಸುಬ್ರಹ್ಮಣ್ಯನ ದೊಡ್ಡ ಕ್ಷೇತ್ರ. ಹೋಗ್ತಾ ಒಂದಿನ, ಬರ್ತಾ ಒಂದಿನ."

ನನಗೆ ಮೈ ಜುಮ್ಮೆಂದಿತು. ಘಾಟಿಯ ಸ್ವಾಮಿ ಸಮುದ್ರದಾಚೆಯೂ ಕೂತಿದ್ದಾನೆಂದರೆ ನೋಡದೆ ಹೋಗುವುದುಂಟೇ? ಎಳೆ ಬಿಡಿಸಿದ ಸೀರೆಯನ್ನೇ ಮಡಿಸಿಟ್ಟೆ.

ಆಗ ಸೋಮಾವತಿ ಬಂದಳು. ಉಳಿದ ಕರುವನ್ನು ಹಗ್ಗ ಹಿಡಿದು ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿದಳು. ಜೋರಾಗಿ ಏನೋ ಹೇಳಿದಳು. ಬಂಡಾ ನನಗೆ ತಿಳಿಯುವಂತೆ ಹೇಳಿದ: "ನಿಮ್ಮ ಚಿರತೆ ಉಳಿಯಿತು, ಸಂತೋಷ. ದೊಡ್ಡ ಪಾದದವನು ಇನ್ನೂ ಇದ್ದಾನಲ್ಲ, ಇದನ್ನು ಉಳಿಸುವವರು ಯಾರು ಎಂದು ಕೇಳುತ್ತಾಳೆ."

ಅವಳು ಕೇಳಿದ್ದು ನ್ಯಾಯವೇ. ಅವಳ ಕೊಟ್ಟಿಗೆಗೆ ಮೂರು ಕಡೆ ಗೋಡೆ, ಒಂದು ಕಡೆ ಬರೀ ತೆಂಗಿನ ಗರಿ. ಎರಡು ರಾತ್ರಿ ಹಾಗೇ ಬಿಟ್ಟು ನಾವು ದೇವರ ದರ್ಶನಕ್ಕೆ ಹೋದರೆ ಆ ದೇವರೇ ಏನೆನ್ನುತ್ತಾನೆ?

"ರೀ, ಬಾಗಿಲು ಮಾಡೋಕೆ ಎಷ್ಟು ದಿನ ಬೇಕು?" ಎಂದೆ.

ನಮ್ಮವರು ಕೊಟ್ಟಿಗೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಗಟ್ಟಿಯಾಗಿ ಮಾಡ್ಬೇಕು ಅಂದ್ರೆ ಎರಡು ದಿನ."

"ಗಟ್ಟಿಯಾಗೇ ಮಾಡಿ."

ಎರಡು ದಿನ ಗಂಡಸರು ಬೊಂಬು ಕಡಿದರು, ಕಂಬ ನೆಟ್ಟರು, ಮುಳ್ಳು ಹೊದಿಸಿದರು. ನಾನೂ ಸೋಮಾವತಿಯೂ ತೆಂಗಿನ ನಾರಿನ ಹಗ್ಗ ಎಳೆದುಕೊಟ್ಟೆವು. ಅವಳ ಭಾಷೆ ನನಗಿಲ್ಲ, ನನ್ನದು ಅವಳಿಗಿಲ್ಲ. ಆದರೂ ಗಂಡಸರು ಗಂಟು ಹಾಕುವ ಚಂದ ನೋಡಿ ಇಬ್ಬರೂ ಒಟ್ಟಿಗೇ ನಗುತ್ತಿದ್ದೆವು. ಎರಡನೆಯ ದಿನ ಇಳಿಹೊತ್ತಿನಲ್ಲಿ ನಮ್ಮವರು ಬಾಗಿಲಿಗೆ ಅಗುಳಿ ಜಡಿದು, ಭುಜ ಕೊಟ್ಟು ನೂಕಿ ನೋಡಿದರು. ಅಲ್ಲಾಡಲಿಲ್ಲ. ಕರುವನ್ನು ಒಳಗೆ ಬಿಟ್ಟೆವು.

"ಕತರಗಾಮ ಯಾವ ದಿಕ್ಕಿಗೆ?" ಎಂದು ಬಂಡಾನನ್ನು ಕೇಳಿದೆ.

ಅವನು ಕೊಟ್ಟಿಗೆಯ ಮಾಡಿನ ಮೇಲಿಂದ ದೂರಕ್ಕೆ ಕೈ ಚಾಚಿದ. ನಾನು ಅತ್ತ ತಿರುಗಿ ಕೈಮುಗಿದೆ. ಎದುರಿಗೆ ಬೊಂಬಿನ ಸಂದಿಯಲ್ಲಿ ಕರು ಮೂತಿ ಇಟ್ಟುಕೊಂಡು ನಿಂತಿತ್ತು. ನಾನು ಕರುವಿಗೇ ಕೈಮುಗಿದೆನೆಂದು ಸೋಮಾವತಿ ತಿಳಿದಳು. ಹುಲ್ಲಿನ ಹೊರೆ ಕೆಳಗಿಟ್ಟು, ಕೈ ಒರೆಸಿಕೊಂಡು, ನನ್ನ ಪಕ್ಕದಲ್ಲಿ ನಿಂತು ತಾನೂ ಕೈಮುಗಿದಳು.

ಹಾಗಲ್ಲ ಎಂದು ಹೇಳುವಷ್ಟು ಭಾಷೆ ನನಗಿರಲಿಲ್ಲ. ಹೇಳಬೇಕೆಂದೂ ಅನ್ನಿಸಲಿಲ್ಲ.